ಕಾಮಣ್ಣನಿಗೆ ಕೊಟ್ಟ ಐದು ದಿಮ್ಮಿ

ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗಬೇಕೆಂದರೆ ಬಸ್ಸಿಗೆ ಕಾಯುವವರು ಕಡಿಮೆ, ಜೀಪಿಗೆ ಜೋತುಬೀಳುವವರೇ ಹೆಚ್ಚು ಅನ್ನುವಂಥ ದಿನಗಳವು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂಬತ್ತು ಜನರ ಜೀಪಿನಲ್ಲಿ ಇಪ್ಪತ್ತೆರಡು ಜನ ಕೂತು, ನಿಂತು, ಬಾನೆಟ್ಟಿನ ಮೇಲೂ ಇಬ್ಬರು ಏರಿ, ನಡುವೆ ಯಾರದೋ ಕೋಳಿಬುಟ್ಟಿ, ಯಾರದೋ ಉಳ್ಳಾಗಡ್ಡಿ ಚೀಲ. ಅಂಥ ಜೀಪುಗಳಲ್ಲಿ ಒಂದು ನಮ್ಮದಾಗಿತ್ತು. ಓಡಿಸುವವನು ನಮ್ಮಪ್ಪ, ಊರವರ ಬಾಯಲ್ಲಿ ಜೀಪ್ ಕೊಟ್ರಪ್ಪ. ನಾನು ಅವನ ಒಬ್ಬಳೇ ಮಗಳು ನೀಲಾ. ಆಗ ನನಗೆ ಹತ್ತು ವರ್ಷ.

ಸೋಮವಾರ ನಮ್ಮ ಜೀಪು ಓಡುತ್ತಿರಲಿಲ್ಲ. ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ, ಅದು ಬಸವಣ್ಣನ ದಿನ. ನಮ್ಮ ತಾತ ಬಂಡಿ ಹೊಡೆದವನು. ಅಪ್ಪ ಬಂಡಿ ಬಿಟ್ಟು ಜೀಪು ಹಿಡಿದರೂ ಆ ಪದ್ಧತಿ ಬಿಡಲಿಲ್ಲ. "ಅದಕ್ಕೂ ಒಂದಿನ ದಣಿವಾರಲಿ" ಅನ್ನುತ್ತಿದ್ದ. ಜೊತೆಯ ಡ್ರೈವರುಗಳು ನಗುತ್ತಿದ್ದರು. ಅಪ್ಪ ಬೆಳಗ್ಗೆ ಜೀಪಿಗೆ ನೀರು ಹಾಕಿ, ಮುಂದಿನ ಗಾಜಿಗೆ ವಿಭೂತಿ ಎಳೆದು, ಮಿಕ್ಕ ದಿನವೆಲ್ಲ ಅದರ ರಿಪೇರಿ ಮಾಡುತ್ತ ಕೂರುತ್ತಿದ್ದ.

ಕೂಡ್ಲಿಗಿ ರಸ್ತೆಯ ಗುಂಡಿಗಳ ಪುಣ್ಯದಿಂದ ಅವನಿಗೆ ಆ ಕೆಲಸಕ್ಕೆ ಬರವಿರಲಿಲ್ಲ. ಹೆಚ್ಚಾಗಿ ಹೋಗುತ್ತಿದ್ದದ್ದು ಪಾಟಾ. ಗಾಡಿಯ ಭಾರ ಹೊರಲು ಗಾಲಿಯ ಮೇಲೆ ಬಿಲ್ಲಿನ ಹಾಗೆ ಬಾಗಿಸಿ, ಒಂದರ ಮೇಲೊಂದು ಕಟ್ಟಿರುವ ಉಕ್ಕಿನ ಪಟ್ಟಿಗಳಿಗೆ ನಮ್ಮಲ್ಲಿ ಹಾಗನ್ನುತ್ತಾರೆ. ಒಂದು ಪಟ್ಟಿ ಮುರಿದರೆ ಜೀಪು ಆ ಮಗ್ಗುಲಿಗೆ ಕುಸಿದು ಕುಂಟುತ್ತದೆ. ಹೊಸಪೇಟೆಯ ಗ್ಯಾರೇಜಿಗೆ ಒಯ್ದರೆ ಎರಡು ದಿನ ಹೋಯಿತು. ಅಪ್ಪನಿಗೋ ತನ್ನ ಜೀಪನ್ನು ಇನ್ನೊಬ್ಬರು ಮುಟ್ಟಿದರೆ ಸರಿಬರುತ್ತಿರಲಿಲ್ಲ. ಹಾಗಾಗಿ ಪಾಟಾ ಬದಲಿಸುವುದು ನಮ್ಮ ಅಂಗಳದಲ್ಲೇ.

ಆ ಕೆಲಸವನ್ನು ಅವನು ಮಾಡುತ್ತಿದ್ದ ರೀತಿ ಪೂಜೆಯ ಹಾಗೆ, ಒಂದೂ ಹಿಂದುಮುಂದಾಗುವಂತಿರಲಿಲ್ಲ. ಮೊದಲು ಗೇರು ಹಾಕಿ ಹ್ಯಾಂಡ್‌ಬ್ರೇಕ್ ಎಳೆಯುವುದು. ನೆಲದ ಮೇಲಿರುವ ಗಾಲಿಗಳಿಗೆ ಹಿಂದೊಂದು ಮುಂದೊಂದು ಕಲ್ಲು. ಬಿಚ್ಚಬೇಕಾದ ಗಾಲಿಯ ನಟ್ಟುಗಳನ್ನು ನೆಲದಲ್ಲಿರುವಾಗಲೇ ಸಡಿಲು ಮಾಡುವುದು. ಆಮೇಲೆ ಒಂದು ಮರದ ದಿಮ್ಮಿ ಹಾಕಿ ಅದರ ಮೇಲೆ ಜಾಕಿ. ಎತ್ತಿದ ಮೇಲೆ ಜೀಪಿನ ತಳದ ಕಬ್ಬಿಣದ ಚೌಕಟ್ಟಾದ ಚಾಸಿಯ ಕೆಳಗೆ ಅಡ್ಡಡ್ಡ ನಾಲ್ಕು ದಿಮ್ಮಿ ಪೇರಿಸಿ, ಜಾಕಿಯನ್ನು ನಿಧಾನ ಇಳಿಸಿ, ಭಾರವೆಲ್ಲ ದಿಮ್ಮಿಯ ಮೇಲೆ ಕೂರುವಂತೆ ಮಾಡುವುದು. ಬಿಚ್ಚಿದ ಗಾಲಿಯನ್ನು ಚಾಸಿಯ ಕೆಳಗೆ ಮಲಗಿಸುವುದು, ಏನಾದರೂ ಆದರೆ ಅದಾದರೂ ತಡೆಯಲಿ ಅಂತ. ಕೊನೆಗೆ ನನ್ನನ್ನು ಕರೆಯುತ್ತಿದ್ದ.

"ನೀಲವ್ವಾ, ದಬ್ಬಿ ನೋಡು."

ನಾನು ಎರಡೂ ಕೈ ಕೊಟ್ಟು, ಹಲ್ಲು ಕಚ್ಚಿ ಜೀಪನ್ನು ದಬ್ಬುತ್ತಿದ್ದೆ. "ಅಳ್ಳಾಡಂಗಿಲ್ಲಪ್ಪಾ" ಅಂದ ಮೇಲೆಯೇ ಅವನು ಗೋಣಿಚೀಲ ಹಾಸಿಕೊಂಡು ಕೆಳಗೆ ಹೋಗುತ್ತಿದ್ದದ್ದು. ಹತ್ತು ವರ್ಷದ ಹುಡುಗಿ ದಬ್ಬಿದರೆ ಜೀಪು ಎಷ್ಟು ಅಲ್ಲಾಡೀತು? ತಾನೂ ಒಮ್ಮೆ ದಬ್ಬಿ ನೋಡಿಯೇ ನನ್ನನ್ನು ಕರೆಯುತ್ತಿದ್ದ ಅಂತ ಈಗ ಗೊತ್ತಾಗುತ್ತದೆ. ಆದರೆ ಆಗ, ನಾನು ಹೇಳದೆ ನಮ್ಮಪ್ಪ ಜೀಪಿನ ಕೆಳಗೆ ಹೋಗುವುದಿಲ್ಲ ಅನ್ನುವ ಜಂಬ ಇತ್ತಲ್ಲ, ಅಷ್ಟು ಜಂಬ ಮತ್ತೆ ನಾನು ಯಾವುದಕ್ಕೂ ಪಟ್ಟಿಲ್ಲ. "ಜಾಕಿ ಎತ್ತಾಕಷ್ಟ, ಹೊರಾಕಲ್ಲ. ಅದನ್ನ ನಂಬಿ ಕೆಳಗ ಹೋಗಬಾರದು" ಅಂತ ಪ್ರತಿ ಸಲ ಹೇಳುತ್ತಿದ್ದ. ನಾನೇನೋ ನಾಳೆ ಪಾಟಾ ಬಿಚ್ಚುತ್ತೇನೆ ಅನ್ನುವ ಹಾಗೆ.

ಆ ಐದು ದಿಮ್ಮಿ ರೈಲಿನವು. ನಮ್ಮೂರಿನ ಹಳೆಯ ಹಳಿ ಕಿತ್ತು ಹೊಸದು ಹಾಕಿದಾಗ ಸ್ಟೇಷನ್ ಹಿಂದೆ ಮರದ ಸ್ಲೀಪರುಗಳ ರಾಶಿಯೇ ಬಿದ್ದಿತ್ತು. ಅಪ್ಪ ಒಂದನ್ನು ಕೊಂಡುತಂದು ಐದು ತುಂಡು ಕೊಯ್ಸಿದ್ದ. ಕಪ್ಪಗೆ, ಕಬ್ಬಿಣದಷ್ಟು ಭಾರ. ವರ್ಷಗಟ್ಟಲೆ ಗ್ರೀಸು, ಆಯಿಲ್ಲು ಕುಡಿದು ಹತ್ತಿರ ಹೋದರೆ ಡಾಂಬರಿನ ವಾಸನೆ ಹೊಡೆಯುತ್ತಿದ್ದವು. ಹಿತ್ತಲ ಮೂಲೆಯಲ್ಲಿ, ಅವ್ವ ಸಗಣಿ ತಟ್ಟಿ ಒಣಗಿಸಿದ ಕುಳ್ಳಿನ ಬಣವಿಯ ಪಕ್ಕದಲ್ಲೇ ಅವುಗಳ ಜಾಗ.

ಆ ವರ್ಷ ಹೋಳಿ ಹುಣ್ಣಿಮೆ ಭಾನುವಾರ ಬಿತ್ತು. ಹೋಳಿ ಬಂತೆಂದರೆ ಹದಿನೈದು ದಿನ ಮೊದಲೇ ನಮ್ಮ ಓಣಿಯ ಹುಡುಗರು ಕಳ್ಳರಾಗುತ್ತಿದ್ದರು. ಕಾಮಣ್ಣನನ್ನು ಸುಡಲು ಕಟ್ಟಿಗೆ, ಕುಳ್ಳು ಕದಿಯಬೇಕು, ಕದ್ದದ್ದೇ ಆಗಬೇಕು. ಯಾರ ಮನೆಯದು, ಯಾರು ಒಯ್ದರು ಅಂತ ದೊಡ್ಡವರು ಕೇಳುವ ಹಾಗಿಲ್ಲ. ಕಾಮಣ್ಣನಿಗೆ ಹೋದದ್ದು ಹೋಯಿತು, ಅಷ್ಟೇ. ಮುರಿದ ಬಾಗಿಲು, ಹೊಲ ಹರಗುವ ಕುಂಟಿಯ ದಿಂಡು, ಹಳೆ ತೊಟ್ಟಿಲು, ಒಮ್ಮೆ ಮೇಷ್ಟ್ರ ಕುರ್ಚಿ, ಎಲ್ಲ ಬೂದಿಯಾಗಿದ್ದವು. ಮೇಷ್ಟ್ರು ಮಾರನೇ ದಿನ ನಿಂತುಕೊಂಡೇ ಪಾಠ ಮಾಡಿದರೇ ಹೊರತು ಒಬ್ಬರನ್ನೂ ಕೇಳಲಿಲ್ಲ.

ಹುಡುಗಿಯರಿಗೆ ಅದರಲ್ಲಿ ಪಾಲಿರಲಿಲ್ಲ. ಹಲಗೆಯ ಸದ್ದು ಕೇಳುತ್ತ ಬಾಗಿಲಲ್ಲಿ ನಿಂತು ನೋಡಬೇಕು. ನನಗೆ ಅದು ಸಹಿಸುತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ಪಕ್ಕದ ಮನೆಯ ಬಸ್ಯಾ ಮುಖ ಸಣ್ಣದು ಮಾಡಿಕೊಂಡು ಹಿತ್ತಲ ಗೋಡೆಯ ಮೇಲೆ ಕೂತಿದ್ದ. ನನಗಿಂತ ಎರಡು ವರ್ಷ ದೊಡ್ಡವನು, ಓಣಿಯ ಕಳ್ಳರಿಗೆಲ್ಲ ನಾಯಕ.

"ಕೆಳಗಿನ ಓಣ್ಯಾರು ಒಂದು ಬಂಡಿ ಕಟ್ಟಿಗಿ ಕೂಡಿಸ್ಯಾರ. ನಮ್ಮ ಕಾಮಣ್ಣ ಮೊಣಕಾಲಿಗೂ ಬರವಲ್ಲ" ಅಂದ. ಆಮೇಲೆ ಅವನ ಕಣ್ಣು ಮೂಲೆಗೆ ಹೋಯಿತು. "ಅವನ್ನ ಕೊಡ್ತೀಯೇನು?"

"ಅವು ಅಪ್ಪನವು."

"ಕೊಟ್ರ ನೀನೂ ಬಂದು ನಿನ್ನ ಕೈಯಾರ ಹಾಕಬಹುದು. ಯಾರೂ ಹುಡುಗಿ ಅನ್ನದಂಗ ನಾ ನೋಡ್ಕೋತೀನಿ."

ನಾನು ಯೋಚನೆ ಮಾಡದೆ ಕೊಟ್ಟೆ ಅಂದರೆ ಸುಳ್ಳಾಗುತ್ತದೆ. ಯೋಚಿಸಿದೆ. ಹೋದ ಸೋಮವಾರವಷ್ಟೇ ಅಪ್ಪ ಎಡಮಗ್ಗುಲಿನ ಪಾಟಾ ಕೆಲಸ ಮಾಡಿ ಮುಗಿಸಿದ್ದ, ಇನ್ನು ತಿಂಗಳುಗಟ್ಟಲೆ ಇವು ಬೇಕಾಗುವುದಿಲ್ಲ. ಬೇಕಾದರೆ ಸ್ಟೇಷನ್ ಹಿಂದೆ ರಾಶಿ ಬಿದ್ದಿದೆ. ಅದನ್ನು ಎಂದೋ ಹರಾಜು ಹಾಕಿ ಸಾಗಿಸಿಬಿಟ್ಟಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಐದೂ ದಿಮ್ಮಿಗಳನ್ನು ಹುಡುಗರು ಒಂದೊಂದಾಗಿ ಗೋಡೆ ದಾಟಿಸಿದರು. ಹೇಳಿದವರ ನಾಲಿಗೆ ಕಾಮಣ್ಣ ಸುಡುತ್ತಾನೆ ಅಂತ ಬಸ್ಯಾ ನನ್ನಿಂದಲೂ ಹುಡುಗರೆಲ್ಲರಿಂದಲೂ ಆಣೆ ಮಾಡಿಸಿಕೊಂಡ.

ಭಾನುವಾರ ಹೊತ್ತು ಮುಳುಗುತ್ತಿದ್ದಂತೆ ಬೆಂಕಿ ಇಟ್ಟರು. ಮನೆಮನೆಯಲ್ಲೂ ಹೋಳಿಗೆ, ಕಟ್ಟಿನ ಸಾರಿನ ವಾಸನೆ. ಓಣಿಯ ತುಂಬ ಹಲಗೆಯ ಸದ್ದು, ಬಾಯಿ ಬಾಯಿ ಬಡಿದುಕೊಳ್ಳುವ ಹುಡುಗರು. ಐದನೇ ದಿಮ್ಮಿಯನ್ನು ಬಸ್ಯಾ ಒಂದು ಕಡೆ, ನಾನು ಒಂದು ಕಡೆ ಹಿಡಿದು ಎಸೆದೆವು. ಎಣ್ಣೆ ಕುಡಿದ ಕಟ್ಟಿಗೆ; ಹತ್ತುವವರೆಗೆ ಸುಮ್ಮನಿದ್ದು ಆಮೇಲೆ ಬುಸ್ಸೆಂದು ಎದ್ದಿತು. ಉರಿ ಮಾಳಿಗೆಗಿಂತ ಮೇಲೆ ಹೋಯಿತು. ಕೆಳಗಿನ ಓಣಿಯವರು ತಮ್ಮ ಕಾಮಣ್ಣನನ್ನು ಬಿಟ್ಟು ನಮ್ಮದನ್ನು ನೋಡಲು ಓಡಿಬಂದರು. ನಾನು ಕುಣಿದೆ, ಗಂಟಲು ಹರಿಯುವ ಹಾಗೆ ಕೂಗಿದೆ.

ಅಷ್ಟರಲ್ಲೇ ಅಪ್ಪನ ಜೀಪು ಓಣಿಯ ತುದಿಯಲ್ಲಿ ತಿರುಗಿತು. ಬಲಮಗ್ಗುಲಿಗೆ ಕುಸಿದು, ಕುಂಟುತ್ತ ಬರುತ್ತಿತ್ತು. ಪಾಟಾ ಮುರಿದಿತ್ತು.

ಆಗಲೇ ಓಡಿಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಬಸ್ಯಾನ ಆಣೆಗೆ ಹೆದರಿದೆನೋ, ಅವ್ವನ ಸೌಟಿಗೆ ಹೆದರಿದೆನೋ, ಅಷ್ಟು ಹೊತ್ತು ಎಲ್ಲರೂ ಹೊಗಳಿದ್ದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲವೋ, ಈ ವಯಸ್ಸಿನಲ್ಲೂ ಬಗೆಹರಿದಿಲ್ಲ. ಅಂದು ಹೋಳಿಗೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಹೊಗೆ ಕುಡಿದು ಹೊಟ್ಟೆ ಕೆಟ್ಟಿದೆ ಅಂತ ಅವ್ವ ಓಂಕಾಳು ಅಗಿಯಲು ಕೊಟ್ಟಳು.

ಸೋಮವಾರ ಬೆಳಗ್ಗೆ ಅಪ್ಪ ಹಿತ್ತಲಿಗೆ ಹೋದ. ಖಾಲಿ ಮೂಲೆ ನೋಡಿದ. ಆಮೇಲೆ ದೊಡ್ಡದಾಗಿ ನಕ್ಕುಬಿಟ್ಟ.

"ಏ ಇವಳ, ಕಾಮಣ್ಣ ನನ್ನ ದಿಮ್ಮಿ ಒಯ್ದಾನ ನೋಡ! ಅದಕ್ಕ ನಿನ್ನೆ ಅಷ್ಟು ಉರಿ ಎದ್ದಿತ್ತು."

"ಯಾವ ಹಾಟ್ಯಾನ ಮಕ್ಕಳು ಒಯ್ದ್ರೋ ಕೇಳ್ರಿ" ಅಂದಳು ಅವ್ವ ಒಲೆಯ ಮುಂದಿನಿಂದ.

"ಕೇಳಬಾರದು. ನಾವು ಸಣ್ಣಾರಿದ್ದಾಗ ಗೌಡರ ಬಂಡಿ ನೊಗಾನ ಒಯ್ದು ಸುಟ್ಟಿದ್ವಿ. ಗೌಡ ಕೇಳಿದ್ನೇನು?"

ಅವನು ನನ್ನ ಕಡೆ ನೋಡಿದ್ದರೆ, ಒಂದು ಮಾತು ಕೇಳಿದ್ದರೆ, ನಾನು ಅಲ್ಲೇ ಅತ್ತು ಎಲ್ಲವನ್ನೂ ಹೇಳಿಬಿಡುತ್ತಿದ್ದೆ. ಆದರೆ ಕೇಳಬಾರದು ಅನ್ನುವುದು ಪದ್ಧತಿ. ಅಪ್ಪ ಪದ್ಧತಿಯ ಮನುಷ್ಯ.

ಅವ್ವ ಅವತ್ತು ಕೆಲಸ ಬೇಡ ಅಂದಳು. "ಹಬ್ಬ ಐತಿ, ಓಕಳಿ ಐತಿ. ನಾಳೆ ಮಾಗಳದ ಮದುವಿಗೆ ಬ್ಯಾರೆ ಜೀಪು ಕಳಸಿದ್ರಾತು ಬಿಡ್ರಿ."

"ಮಾತು ಕೊಟ್ಟೀನಿ. ಮುರುಕು ಪಾಟಾ ಹಾಕ್ಕೊಂಡು ಮಂದಿ ಮಕ್ಕಳನ್ನ ಕೂಡಿಸ್ಕೊಂಡು ಹೋಗಾಕ ಆಗತೈತೇನು? ಒಂದು ತಾಸಿನ ಕೆಲಸ."

ದಿಮ್ಮಿಗಳ ಬದಲು ಅವನು ಹೊಸ ಮನೆ ಕಟ್ಟುತ್ತಿದ್ದ ಎದುರಿನವರ ಸೈಜುಗಲ್ಲು ತಂದು ಪೇರಿಸಿದ. ಕಲ್ಲಿನ ಮೇಲೆ ಕಬ್ಬಿಣ ನಿಲ್ಲುವುದಿಲ್ಲ, ಜಾರುತ್ತದೆ ಅಂತ ನನಗೆ ಹೇಳಿಕೊಟ್ಟವನೇ ಅವನು. ಅವನಿಗೂ ಆ ಕಲ್ಲುಗಳ ಮೇಲೆ ನಂಬಿಕೆ ಇರಲಿಲ್ಲವೆಂದು ಕಾಣುತ್ತದೆ, ಜಾಕಿಯನ್ನು ಇಳಿಸದೆ ಹಾಗೇ ಬಿಟ್ಟ. ಜಾಕಿಯ ಕೆಳಗೆ ದಿಮ್ಮಿಯೂ ಇಲ್ಲ, ಬರೀ ನೆಲ. ಬೆಳಗಿನಿಂದ ಹುಡುಗರು ಓಕುಳಿ ಎರಚಿ ಎರಚಿ ಅಂಗಳದ ಮಣ್ಣು ನೆನೆದಿತ್ತು. ಗಾಲಿ ಬಿಚ್ಚಿ, ಯಾವಾಗಿನಂತೆ ಚಾಸಿಯ ಕೆಳಗೆ ಮಲಗಿಸಿದ.

"ನೀಲವ್ವಾ, ದಬ್ಬಿ ನೋಡು."

ನಾನು ಕೈ ಇಟ್ಟೆ. ದಬ್ಬಿದೆನೋ ಇಲ್ಲವೋ ನೆನಪಿಲ್ಲ. ಜೋರಾಗಿ ದಬ್ಬಿದರೆ ಅಲ್ಲಾಡುತ್ತದೆ, ಅಲ್ಲಾಡಿದರೆ ದಿಮ್ಮಿಯ ಮಾತು ಬರುತ್ತದೆ ಅನ್ನುವ ಭಯ ಮಾತ್ರ ನೆನಪಿದೆ.

"ಅಳ್ಳಾಡಂಗಿಲ್ಲಪ್ಪಾ" ಅಂದೆ.

ಅಪ್ಪ ಗೋಣಿಚೀಲ ಹಾಸಿಕೊಂಡು ಒಳಗೆ ಹೋದ. ತುಕ್ಕು ಹಿಡಿದ ಬೋಲ್ಟಿಗೆ ಸೀಮೆಎಣ್ಣೆ ಬಿಟ್ಟ. ಪಾನಾ ಹಾಕಿ ತಿರುಗಿಸಿದ, ಬರಲಿಲ್ಲ. ಸುತ್ತಿಗೆಯಿಂದ ಎರಡೇಟು, ಮೂರೇಟು ಹೊಡೆದ. ನಾಲ್ಕನೇ ಏಟಿಗೆ ಜಾಕಿ ಕೆಸರಿನಲ್ಲಿ ವಾಲಿತು, ಕಲ್ಲುಗಳು ಒಂದರ ಮೇಲಿಂದೊಂದು ಜಾರಿದವು. ಜೀಪು ಕೂತ ಸದ್ದಿಗಿಂತ ಅಪ್ಪ ಕೂಗದೇ ಇದ್ದದ್ದು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ.

ಮಲಗಿಸಿದ್ದ ಗಾಲಿ ಅವನ ಜೀವ ಉಳಿಸಿತು. ಎದೆಯ ಮೇಲೆ ಬರಬೇಕಾದ ಚಾಸಿ ಗಾಲಿಯ ಮೇಲೆ ನಿಂತಿತು. ಆದರೆ ಅವೆರಡರ ನಡುವೆ ಅವನ ಬಲಗೈ ಇತ್ತು. ಓಕುಳಿ ಆಡುತ್ತಿದ್ದ ಗಂಡಸರೆಲ್ಲ ಓಡಿಬಂದು, ಮೈಯೆಲ್ಲ ಬಣ್ಣದ ಹತ್ತು ಹದಿನೈದು ಜನ ಕೈಹಚ್ಚಿ ಜೀಪನ್ನು ಎತ್ತಿದರು. ಅಪ್ಪನ ಅಂಗಿಯ ಮೇಲೆ ಯಾವುದು ಬಣ್ಣ, ಯಾವುದು ರಕ್ತ ಅಂತ ಗೊತ್ತಾಗದೆ ಅವ್ವ ಸೆರಗಿನಿಂದ ಎಲ್ಲವನ್ನೂ ಒರೆಸುತ್ತಿದ್ದಳು.

ಬಳ್ಳಾರಿಯ ಆಸ್ಪತ್ರೆಯಲ್ಲಿ ನಡುವಿನ ಮೂರು ಬೆರಳು ತೆಗೆದರು. ಹೆಬ್ಬೆರಳು, ಕಿರುಬೆರಳು ಉಳಿದವು. ಮಣಿಕಟ್ಟು ಮತ್ತೆ ಬಾಗಲಿಲ್ಲ.

ಮೂರನೇ ದಿನ ಸೋದರಮಾವ ನನ್ನನ್ನು ಬಸ್ಸಿನಲ್ಲಿ ಅಲ್ಲಿಗೆ ಕರೆದೊಯ್ದ. ಅವ್ವ ಗಂಜಿ ತರಲು ಹೊರಗೆ ಹೋಗಿದ್ದಳು, ಮಾವ ಅವಳ ಹಿಂದೆ ಹೋದ. ನಾನು ಮಂಚದ ಸರಳು ಹಿಡಿದು ನಿಂತು ಹೇಳಿಬಿಟ್ಟೆ. ದಿಮ್ಮಿ ಕೊಟ್ಟದ್ದು ನಾನು. ದಬ್ಬದೆ ಸುಳ್ಳು ಹೇಳಿದ್ದು ನಾನು.

ಅಪ್ಪ ಮೇಲಿನ ಫ್ಯಾನಿನಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದ.

"ಐದೂ ಕೊಟ್ಟಿದ್ದೇನು?"

"ಐದೂ."

"ಹೆಂಗ ಉರಿದ್ವು?"

"ಭಾಳ ಎತ್ತರಪ್ಪಾ. ಮಾಳಿಗಿಗಿಂತ ಎತ್ತರ" ಅಂದೆ. ಅಂದವಳೇ ಜೋರಾಗಿ ಅತ್ತೆ. ಅವನ ಕಣ್ಣಲ್ಲೂ ನೀರು ಬಂತು. ಎಡಗೈಯಿಂದ ನನ್ನ ತಲೆ ಸವರಲು ನೋಡಿದ, ಅದಕ್ಕೆ ಸೂಜಿ ಚುಚ್ಚಿದ್ದರಿಂದ ಆಗಲಿಲ್ಲ.

"ನೋಡವ್ವಾ, ದಿಮ್ಮಿ ಇಲ್ಲ ಅಂತ ಗೊತ್ತಿದ್ದೂ ಕೆಳಗ ಹೋದಾವ ನಾನು. ಅದು ನನ್ನ ತಪ್ಪು. ಇದನ್ನ ನಿಮ್ಮವ್ವಗ ಹೇಳಬ್ಯಾಡ. ನನಗಾದ್ರ ನಾಕು ದಿನ ಬೈತಾಳ, ಮರೀತಾಳ. ನಿನ್ನ ಮ್ಯಾಲೆ ಸಿಟ್ಟು ಕೂತ್ರ ಹೋಗಂಗಿಲ್ಲ."

ಅಪ್ಪನ ಲೆಕ್ಕ ತಪ್ಪಿತ್ತು. ಅವ್ವ ನಾಲ್ಕು ದಿನವಲ್ಲ, ಇಪ್ಪತ್ತು ವರ್ಷಕ್ಕೂ ಹೆಚ್ಚು ಬೈದಳು.

ಜೀಪು ಹೋಯಿತು. ಹರಪನಹಳ್ಳಿ ಕಡೆಯವರು ಯಾರೋ ಬಂದು ಒಯ್ದರು. ಸ್ಟೇರಿಂಗ್ ಹಿಡಿಯುವ ಕೈ ಇಲ್ಲದ ಅಪ್ಪ ಸ್ಟ್ಯಾಂಡಿನಲ್ಲಿ ನಿಂತು ಬೇರೆಯವರ ಜೀಪುಗಳಿಗೆ ಜನ ಕೂಗುವ ಏಜೆಂಟನಾದ. ಶಾಲೆಯಿಂದ ಬರುವಾಗ ಅವನ "ಕೂಡ್ಲಿಗಿ, ಕೂಡ್ಲಿಗಿ, ಕೂಡ್ಲಿಗಿ" ದೂರದಿಂದಲೇ ಕೇಳುತ್ತಿತ್ತು. ನಾನು ಹಿಂದಿನ ಓಣಿ ಹಿಡಿದು ಮನೆಗೆ ಹೋಗುತ್ತಿದ್ದೆ. ಎಡಗೈಯಲ್ಲಿ ಉಣ್ಣಲು ಅವನು ಒಪ್ಪಲಿಲ್ಲ. ಎರಡೇ ಬೆರಳಲ್ಲಿ ರೊಟ್ಟಿ ಮುರಿದು, ಪಲ್ಯ ಹಿಡಿದು, ಅರ್ಧ ಚೆಲ್ಲಿ, ಒಂದು ರೊಟ್ಟಿಗೆ ಅರ್ಧ ತಾಸು ಮಾಡುತ್ತಿದ್ದ. ಮದುವೆ ಮನೆಗಳಲ್ಲಿ ಪಂಕ್ತಿಗೆ ಕೂರುವುದನ್ನೇ ಬಿಟ್ಟ.

ಅವ್ವ ಬೈಯುವಾಗಲೂ ಮಾತಿಗೆ "ರಿ" ಹಚ್ಚಿಯೇ ಬೈಯುತ್ತಿದ್ದಳು. "ಊರಿಗೆಲ್ಲ ಬುದ್ಧಿ ಹೇಳತೀರಿ. ಐದು ತುಂಡು ಕಟ್ಟಿಗಿ ಹುಡುಕಾಕ ನಿಮಗ ಬ್ಯಾಸರ ಆತು. ಹುಚ್ಚು ಧೈರ್ಯ ನಿಮ್ದು. ಮಗಳನ್ನ ಮುಂದ ನಿಲ್ಲಿಸ್ಕೊಂಡು ಹಿಂಗ ಮಾಡ್ಕೊಂಡ್ರಲ್ಲ, ಆ ಕೂಸಿಗೆ ಏನಾರ ಆಗಿದ್ರ?" ಆ ಕೂಸು ಮೂಲೆಯಲ್ಲಿ ಪುಸ್ತಕ ಹಿಡಿದು ತಲೆ ತಗ್ಗಿಸಿ ಕೂತಿರುತ್ತಿತ್ತು. ಅಪ್ಪ ಒಂದು ಸಲವೂ ನನ್ನ ಕಡೆ ನೋಡುತ್ತಿರಲಿಲ್ಲ. "ಹೌದು ಬಿಡು, ನಂದೇ ತಪ್ಪು" ಅಂತ ಎದ್ದು ಹೊರಗೆ ಹೋಗುತ್ತಿದ್ದ. ನಾನು ದೊಡ್ಡವಳಾದ ಮೇಲೆ ಎಷ್ಟೋ ಸಲ, ಈಗಲಾದರೂ ಅವ್ವನಿಗೆ ಹೇಳುತ್ತೇನೆ ಅಂದೆ. "ಬ್ಯಾಡ. ಬೈದು ಬೈದು ಆಕಿಗೂ ರೂಢಿ ಆಗೈತಿ, ನನಗೂ ಆಗೈತಿ" ಅನ್ನುತ್ತಿದ್ದ. ನಾನೂ ಒಳಗೊಳಗೇ ಹಗುರಾಗಿ ಸುಮ್ಮನಾಗುತ್ತಿದ್ದೆ. ಆ ಹಗುರಕ್ಕೆ ನನಗೆ ಈಗ ನಾಚಿಕೆಯಾಗುತ್ತದೆ.

ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಹಗರಿಬೊಮ್ಮನಹಳ್ಳಿಯಲ್ಲಿ ನನ್ನ ನೌಕರಿ. ಅವ್ವ ನಮ್ಮ ಜೊತೆಗಿದ್ದಾಳೆ. ಕೂಡ್ಲಿಗಿ ರಸ್ತೆ ಈಗ ನುಣ್ಣಗಾಗಿದೆ, ಆ ಜೀಪುಗಳೂ ಇಲ್ಲ, ಅವುಗಳ ಕೆಳಗೆ ಮಲಗಿ ಬೋಲ್ಟು ಬಿಚ್ಚುವ ಡ್ರೈವರುಗಳೂ ಇಲ್ಲ. ಬಸ್ಯಾ ಎಲ್ಲಿದ್ದಾನೋ ಗೊತ್ತಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಮ್ಮ ಕಾರು ಮನೆಯ ಮುಂದೆಯೇ ಪಂಕ್ಚರ್ ಆಯಿತು. ನನ್ನ ಗಂಡ ಜಾಕಿ ಹಚ್ಚುತ್ತಿದ್ದರು. ಜಗಲಿಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಅವ್ವ ಅಲ್ಲಿಂದಲೇ ಅಂದಳು: "ನೋಡ್ಕೊಂಡು ಮಾಡ್ರಿ ಅಳಿಯಾರ. ನಿಮ್ಮ ಮಾವನಂಗ ಹುಚ್ಚು ಧೈರ್ಯ ಮಾಡಬ್ಯಾಡ್ರಿ. ಅವ್ರಿಗೆ ಹೆಂಡತಿ ಮಕ್ಕಳ ಖಬರೇ ಇರಲಿಲ್ಲ."

ನನಗೆ ತಡೆಯಲಾಗಲಿಲ್ಲ. ಅವಳ ಪಕ್ಕ ಕೂತು, ಮೊದಲಿನಿಂದ ಕೊನೆಯವರೆಗೆ ಹೇಳಿದೆ.

ಅವ್ವ ಮೊರ ಕೆಳಗಿಟ್ಟಳು.

"ಅವ್ರಿಗೆ ಗೊತ್ತಿತ್ತೇನು?"

"ಆಸ್ಪತ್ರ್ಯಾಗ ಇದ್ದಾಗಲೇ ಹೇಳಿದ್ದೆ."

"ಮತ್ತ ನಾ ಅಷ್ಟು ಬೈಯಾಗ..." ಅಂದು ನಿಲ್ಲಿಸಿದಳು. ಮೊರದ ಅಕ್ಕಿಯಲ್ಲಿ ಬೆರಳಾಡಿಸುತ್ತ, "ಒಮ್ಮೆನಾರ ತಿರುಗಿ ಅಂದಿದ್ರ ಆಗತಿತ್ತಲ್ಲವ್ವಾ" ಅಂದಳು.

ಇನ್ನು ನನಗೆ ಬೈಗುಳ ಬೀಳುತ್ತದೆ ಅಂತ ಕಾದೆ. ಬೀಳಲಿಲ್ಲ. ಅವ್ವ ಮೊರ ಎತ್ತಿಕೊಂಡು ಮತ್ತೆ ಅಕ್ಕಿ ಕೇರಿದಳು.

ಅಂದಿನಿಂದ ಅವ್ವ ಅಪ್ಪನನ್ನು ಬೈಯುವುದನ್ನು ಬಿಟ್ಟಿದ್ದಾಳೆ. ಅದಕ್ಕೆ ಮೊದಲು ಸಾರಿಗೆ ಉಪ್ಪು ಹೆಚ್ಚಾದರೆ, ಕರೆಂಟು ಹೋದರೆ, ನನ್ನ ಮಗ ಮರ ಹತ್ತಿದರೆ, ಎಲ್ಲದಕ್ಕೂ ಅವನನ್ನು ಎಳೆದು ತರುತ್ತಿದ್ದಳು. ಸತ್ತ ಮೇಲೂ ನಮ್ಮಪ್ಪ ದಿನಕ್ಕೆ ಹತ್ತು ಸಲ ಮನೆಗೆ ಬಂದು ಬೈಸಿಕೊಂಡು ಹೋಗುತ್ತಿದ್ದ. ಈಗ ಅವನ ಮಾತು ಬಂದರೆ ಅವ್ವ ಸೆರಗು ಸರಿಮಾಡಿಕೊಂಡು ಒಳಗೆ ಎದ್ದು ಹೋಗುತ್ತಾಳೆ. ಎಲ್ಲರ ಪಾಲಿಗೆ ಅಪ್ಪ ಸತ್ತು ನಾಲ್ಕು ವರ್ಷವಾಗಿದೆ. ಅವ್ವನ ಪಾಲಿಗೆ ಅವನು ಸತ್ತದ್ದು ನಾನು ಬಾಯಿಬಿಟ್ಟ ಆ ಮಧ್ಯಾಹ್ನ.